ಸದ್ದಿನ ಜವಾರಿ

ವಾಲ್ವ್ ಹಾಕಿದ ಗಿಟಾರ್ ಆಂಪ್ಲಿಫೈಯರ್ ಬಗ್ಗೆ ನಮ್ಮ ಕಡೆ ಎರಡೇ ಅಭಿಪ್ರಾಯಗಳಿವೆ. ಹಿರಿಯರು ಅದನ್ನು ಗದ್ದಲ ಅಂತಾರೆ. ಪರದೇಶದ ಹುಚ್ಚು, ನಮ್ಮ ಕಿವಿಗೆ, ನಮ್ಮ ಭಾಷೆಗೆ ಒಗ್ಗದ ಕರ್ಕಶ ಅಂತಾರೆ. ಹುಡುಗರ ಮಾತು ಬೇರೆ. ಅದೊಂದು ಕನಸಿನ ಪೆಟ್ಟಿಗೆ, ಲಕ್ಷ ದಾಟುವ ಬೆಲೆ, ಮೇಲೆ ಇಂಗ್ಲಿಷ್ ಹೆಸರು. ಅದು ಕೈಗೆ ಬಂದ ದಿನ ನುಡಿಸಾಣಿಕೆಯೂ ತಾನೇ ಬಂದುಬಿಡುತ್ತದೆ ಎಂಬ ನಂಬಿಕೆ. ಗಂಗಾವತಿಯಲ್ಲಾಗಲಿ ಕುಷ್ಟಗಿಯಲ್ಲಾಗಲಿ ಈ ಇಬ್ಬರೂ ಒಂದೇ ಮನೆಯಲ್ಲಿ ಜಗಳವಾಡುತ್ತಿರುತ್ತಾರೆ. ಆದರೆ ಒಂದು ವಿಷಯದಲ್ಲಿ ಅವರ ನಡುವೆ ಪೂರ್ತಿ ಒಪ್ಪಂದವಿದೆ: ಆ ಸದ್ದು ನಮ್ಮದಲ್ಲ, ಎಲ್ಲಿಂದಲೋ ಬರಬೇಕಾದದ್ದು. ಒಬ್ಬರು ಅದನ್ನು ಬೈಯುತ್ತಾರೆ, ಇನ್ನೊಬ್ಬರು ಪೂಜಿಸುತ್ತಾರೆ, ಅಷ್ಟೇ ವ್ಯತ್ಯಾಸ. ನನ್ನ ತಕರಾರು ಇರುವುದು ಆ ಒಪ್ಪಂದದ ಜೊತೆ.

ಮೊದಲು ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ನೋಡೋಣ. ಗಿಟಾರಿನ ತಂತಿಯ ಕೆಳಗಿರುವ ಪಿಕಪ್ ಹುಟ್ಟಿಸುವುದು ಬಹಳ ಸಣ್ಣ ವಿದ್ಯುತ್ತು, ಒಂದು ವೋಲ್ಟಿನ ಒಂದು ಪಾಲಿನಷ್ಟು. ಅದನ್ನು ಇಸಿಸಿ83 ಎಂಬ ಗಾಜಿನ ವಾಲ್ವ್ ಹಿಗ್ಗಿಸುತ್ತದೆ. ಅಮೆರಿಕದವರು ಇದನ್ನೇ 12ಎಎಕ್ಸ್7 ಅನ್ನುತ್ತಾರೆ. ಒಂದು ಗಾಜಿನ ಬುರುಡೆಯಲ್ಲಿ ಎರಡು ವಾಲ್ವ್ ಇರುತ್ತವೆ. ಒಂದು ಹಿಗ್ಗಿಸಿದ್ದನ್ನು ಇನ್ನೊಂದು ಹಿಗ್ಗಿಸುತ್ತದೆ, ಅದನ್ನು ಮೂರನೆಯದು, ಆಮೇಲೆ ನಾಲ್ಕನೆಯದು. ಒಂದು ಹಂತದಲ್ಲಿ ವಾಲ್ವಿಗೆ ತಾಳಿಕೊಳ್ಳಲು ಆಗುವುದಿಲ್ಲ. ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಹಾಗೆ ನೆತ್ತಿ ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ಕಂಪನಗಳು ಹುಟ್ಟಿಕೊಳ್ಳುತ್ತವೆ. ಹಂತದ ಮೇಲೆ ಹಂತ ಪೇರಿಸಿ ಇದನ್ನು ಬೇಕೆಂದೇ ಮಾಡುವ ಪೆಟ್ಟಿಗೆಗೆ ಹೈ-ಗೇನ್ ಆಂಪ್ ಎಂದು ಹೆಸರು. ಎಂಜಿನಿಯರಿಂಗ್ ಪುಸ್ತಕ ದೋಷ ಎಂದು ಕರೆಯುವ ಒಡಕು ಇದೇ. ಗಿಟಾರಿನವರು ಅದನ್ನು ದನಿ ಎಂದು ಕರೆದರು.

ಈ ದನಿ ಹುಟ್ಟಿದ್ದು ಶ್ರೀಮಂತರ ಮನೆಯಲ್ಲಿ ಅಲ್ಲ. 1958ರಲ್ಲಿ ಅಮೆರಿಕದ ಲಿಂಕ್ ರೇ ತನ್ನ ‘ರಂಬಲ್’ಗೆ ಬೇಕಾದ ಒರಟುತನ ಬರಲೆಂದು ಸ್ಪೀಕರಿಗೆ ತೂತು ಕೊರೆದ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಲ್ಪಿಕೋ ಎಂಬ ಅಗ್ಗದ ಪುಟ್ಟ ಆಂಪಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿದ. ಇಂದು ಹುಡುಗರು ಕೈಮುಗಿಯುವ ಮಾರ್ಷಲ್ ಕೂಡ ಹುಟ್ಟಿನಿಂದಲೇ ನಕಲು. ಜಿಮ್ ಮಾರ್ಷಲ್ ಡ್ರಮ್ ನುಡಿಸುವವನು, ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದವನು. ಅಮೆರಿಕದ ಫೆಂಡರ್ ಬಾಸ್‌ಮನ್ ಅಲ್ಲಿನ ಹುಡುಗರಿಗೆ ದುಬಾರಿಯಾಗಿತ್ತು. 1962ರಲ್ಲಿ ಅವನೂ ಅವನ ಸಂಗಡಿಗರೂ ಅದೇ ಸರ್ಕ್ಯೂಟನ್ನು ಇಟ್ಟುಕೊಂಡು, ಇಂಗ್ಲೆಂಡಿನಲ್ಲಿ ಸಿಗುವ ಬಿಡಿಭಾಗಗಳನ್ನು ಹಾಕಿ ತಮ್ಮದೊಂದನ್ನು ಕಟ್ಟಿದರು. ಮೊದಲ ಹಂತಕ್ಕೆ ಹೆಚ್ಚು ಹಿಗ್ಗಿಸುವ ಇಸಿಸಿ83 ಬಿತ್ತು. ಸೆಲೆಶನ್ ಸ್ಪೀಕರ್ ಬಂತು. ಸದ್ದು ಒರಟಾಯಿತು. ಸಿಗದ್ದರ ಬದಲು ಸಿಗುವುದನ್ನು ಹಾಕಿದ್ದರಿಂದ ಬಂದ ಆ ಒರಟುತನವೇ ರಾಕ್ ಸಂಗೀತದ ದನಿಯಾಯಿತು. ಅಲ್ಲಿಂದ ಹತ್ತು ವರ್ಷವೂ ಕಳೆದಿರಲಿಲ್ಲ. ಕ್ಯಾಲಿಫೋರ್ನಿಯಾದ ರ್‍ಯಾಂಡಲ್ ಸ್ಮಿತ್ ಫೆಂಡರ್ ಕಂಪನಿಯ ಪುಟ್ಟ ಪ್ರಿನ್ಸ್‌ಟನ್ ಪೆಟ್ಟಿಗೆಗೆ ದೊಡ್ಡ ಆಂಪಿನ ಕರುಳು ತುಂಬಿದ, ಆಮೇಲೆ ಇನ್ನೊಂದು ಹಿಗ್ಗಿಸುವ ಹಂತವನ್ನೂ ಸೇರಿಸಿದ. ಮೆಸಾ ಬೂಗಿ ಹುಟ್ಟಿತು, ಹೈ-ಗೇನ್ ವಂಶ ಶುರುವಾಯಿತು.

ಅಂದರೆ ನೀವು ಬ್ರ್ಯಾಂಡ್ ಎಂದು ಕೊಳ್ಳುವುದೆಲ್ಲ ಒಂದು ಕಾಲದಲ್ಲಿ ಯಾರೋ ಬಿಚ್ಚಿ, ಕತ್ತರಿಸಿ, ಬೆಸೆದ ರಿಪೇರಿ ಕೆಲಸ. ಅದನ್ನು ಮುಟ್ಟದೆ, ಬಿಚ್ಚದೆ, ಮೇಲೆ ಬಟ್ಟೆ ಹೊದಿಸಿ ಇಟ್ಟುಕೊಳ್ಳುವವರು ಆ ಪರಂಪರೆಯ ವಾರಸುದಾರರಲ್ಲ, ಗಿರಾಕಿಗಳು.

ಇನ್ನು ಹಿರಿಯರ ಮಾತಿಗೆ ಬರೋಣ. ಒಡಕು ದನಿ ನಮ್ಮ ಕಿವಿಗೆ ಒಗ್ಗದು ಅನ್ನುತ್ತೀರಲ್ಲ, ನಿಮ್ಮ ಮನೆಯ ತಂಬೂರಿಯನ್ನು ಕೇಳಿದ್ದೀರಾ? ಅದರ ಕುದುರೆ ಅಗಲವಾಗಿ, ತುಸು ಬಾಗಿದಂತೆ ಇರುತ್ತದೆ. ತಂತಿ ಆ ಬಾಗಿನ ಮೇಲೆ ಸವರುತ್ತಾ ಕಂಪಿಸುತ್ತದೆ. ಅದರ ಕೆಳಗೆ ಒಂದೆಳೆ ನೂಲು ತೂರಿಸಿ, ಹಿಂದೆ ಮುಂದೆ ಸರಿಸಿ, ಝೇಂಕಾರ ಸರಿಯಾಗಿ ಏಳುವ ಜಾಗ ಹುಡುಕುತ್ತಾರೆ. ಆ ನೂಲಿಗೆ ಜೀವಾಳಿ ಎಂದು ಹೆಸರು. ಆ ಝೇಂಕಾರಕ್ಕೆ ಹಿಂದುಸ್ತಾನಿಯವರು ಜವಾರಿ ಅನ್ನುತ್ತಾರೆ. ಮಿರಜದಲ್ಲಿ ತಂಬೂರಿ ಕಟ್ಟುವವರು ಕುದುರೆಯನ್ನು ಕೂದಲೆಳೆಯಷ್ಟು ಉಜ್ಜಿ, ನುಡಿಸಿ, ಮತ್ತೆ ಉಜ್ಜಿ ಆ ಜವಾರಿಯನ್ನು ಬಿಡಿಸುತ್ತಾರೆ. ತಂತಿ ಶುದ್ಧವಾಗಿ ನುಡಿದರೆ ತಂಬೂರಿ ಸತ್ತಂತೆ. ಅದಕ್ಕೆ ಜೀವ ಬರುವುದೇ ಆ ಸವರುವಿಕೆಯಿಂದ. 1921ರಲ್ಲಿ ಸಿ.ವಿ. ರಾಮನ್ ಭಾರತೀಯ ತಂತಿವಾದ್ಯಗಳ ಮೇಲೆ ಬರೆದ ಲೇಖನದಲ್ಲಿ ತೋರಿಸಿದ್ದು ಇದನ್ನೇ. ಪಾಶ್ಚಾತ್ಯ ತಂತಿವಾದ್ಯಗಳ ನಿಯಮದ ಪ್ರಕಾರ ಕೇಳಿಸಲೇಬಾರದ ಉಪಸ್ವರಗಳು ತಂಬೂರಿ ಮತ್ತು ವೀಣೆಯಲ್ಲಿ ಬಲವಾಗಿ ಕೇಳುತ್ತವೆ, ಅದಕ್ಕೆ ಕಾರಣ ಆ ಕುದುರೆಯ ಬಾಗು.

ತಂಬೂರಿ ಕಟ್ಟುವವರು ಕುದುರೆ ಉಜ್ಜಿ ತರುವ ಉಪಸ್ವರಗಳನ್ನು ವಾಲ್ವ್ ಅಲೆಯನ್ನು ಚಪ್ಪಟೆ ಮಾಡಿ ತರುತ್ತದೆ. ದಾರಿ ಬೇರೆ, ಆಸೆ ಒಂದೇ. ಸ್ವರ ಬರಿಯ ಸ್ವರವಾಗಿ ಉಳಿಯಬಾರದು, ಅದರ ಸುತ್ತ ಒಂದು ಹೊಗೆ ಏಳಬೇಕು. ನಮ್ಮ ಕಡೆ ಜವಾರಿ ಎಂದರೆ ನಾಟಿ, ಊರಿನದು. ಜವಾರಿ ಕೋಳಿ, ಜವಾರಿ ಬೆಳ್ಳುಳ್ಳಿ, ಜವಾರಿ ಮಂದಿ. ಎರಡು ಪದಗಳ ಮೂಲ ಒಂದೇ ಎಂದು ನಾನು ವಾದಿಸುತ್ತಿಲ್ಲ. ಆದರೆ ಒಡಕು ದನಿಗೂ ಊರಿನ ದನಿಗೂ ಒಂದೇ ಪದ ಇಟ್ಟುಕೊಂಡ ಕಿವಿಗಳಿಗೆ ಕರ್ಕಶದ ಪಾಠ ಹೇಳಬೇಡಿ.

ಶಾಸ್ತ್ರೀಯದ ಉದಾಹರಣೆ ಬೇಡವೆಂದರೆ ಹುಲಗಿಗೆ ಹೋಗಿ. ಕೊಪ್ಪಳದಿಂದ ಹೊಸಪೇಟೆಯ ದಾರಿಯಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಹುಲಿಗೆಮ್ಮನ ಗುಡಿ. ಜೋಗತಿಯರ ಕೈಯಲ್ಲಿ ಚೌಡಿಕೆ ನುಡಿಯುವುದನ್ನು ಕೇಳಿ. ಒಂದೇ ತಂತಿ, ಕೆಳಗೆ ಬಿಗಿದ ಚರ್ಮ. ಮೀಟಿದರೆ ತಂತಿಯೂ ಚರ್ಮವೂ ಒಟ್ಟಿಗೆ ಗುರುಗುಟ್ಟುತ್ತವೆ. ಅದರಲ್ಲಿ ನಯ ಇಲ್ಲ, ಇರಬೇಕೆಂದು ಯಾರೂ ಬಯಸಿದ್ದೂ ಇಲ್ಲ. ಹಲಗೆ ಬಾರಿಸುವವರು ಮೊದಲು ಬೆಂಕಿ ಹಾಕಿ ಚರ್ಮ ಕಾಯಿಸುತ್ತಾರೆ. ಕಾಯದ ಹಲಗೆ ಡಬ್‌ ಎನ್ನುತ್ತದೆ, ಕಾದದ್ದು ಸಿಡಿಯುತ್ತದೆ. ವಾಲ್ವೂ ಹಾಗೆಯೇ, ಒಳಗಿನ ತಂತಿ ಕೆಂಪಗೆ ಕಾಯದೆ ನುಡಿಯುವುದಿಲ್ಲ. ಈ ಸದ್ದುಗಳನ್ನು ಸಾಹಿತ್ಯದ ಸಭೆಯಿಂದ ಹೊರಗಿಟ್ಟು, ಭಾವಗೀತೆಯ ಹಿಂದೆ ಕೀಬೋರ್ಡಿನ ನುಣುಪು ಹಾಸುವುದನ್ನೇ ಕನ್ನಡದ ಸಂವೇದನೆ ಎಂದು ಒಪ್ಪಿಸಿದವರು ಯಾರು? ನುಣುಪು ಕನ್ನಡದ ಸ್ವಭಾವವಲ್ಲ, ಒಂದು ವರ್ಗದ ರುಚಿ.

ಇನ್ನೊಂದು ಸಂಗತಿ ಇದೆ. ಹೈ-ಗೇನ್ ಆಂಪಿನಲ್ಲಿ ಎಲ್ಲ ಸ್ವರಮೇಳವೂ ನಡೆಯುವುದಿಲ್ಲ. ಷಡ್ಜ, ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ನುಡಿಸಿದರೆ ಗಾಂಧಾರ ಉಳಿದೆರಡರ ಜೊತೆ ತಿಕ್ಕಾಡಿ ಕಸಿವಿಸಿಯಾಗುತ್ತದೆ. ಅದಕ್ಕೇ ಮೆಟಲ್ ನುಡಿಸುವವರು ಗಾಂಧಾರ ಬಿಟ್ಟು ಷಡ್ಜ–ಪಂಚಮ ಮಾತ್ರ ಹಿಡಿಯುತ್ತಾರೆ. ಪವರ್ ಕಾರ್ಡ್ ಅಂದರೆ ಇಷ್ಟೇ. ಈ ಎರಡರ ಕಂಪನಗಳ ಅನುಪಾತ ಎರಡಕ್ಕೆ ಮೂರು. ವಾಲ್ವ್ ಒಡೆದಾಗ ಅವುಗಳ ವ್ಯತ್ಯಾಸವೂ ಒಂದು ಸ್ವರವಾಗಿ ಹುಟ್ಟುತ್ತದೆ: ಮೂರರಲ್ಲಿ ಎರಡು ಕಳೆದರೆ ಒಂದು, ಅಂದರೆ ಮಂದ್ರದ ಷಡ್ಜ. ಯಾರೂ ನುಡಿಸದ ಆ ಕೆಳಗಿನ ಸಾ ಎದೆಗೆ ಗುದ್ದುತ್ತದೆ. ಪಂಚಮ–ಷಡ್ಜಕ್ಕೆ ಕೂಡಿಸಿದ ತಂಬೂರಿಯ ಮುಂದೆ ಕುಳಿತು ಬೆಳೆದ ಕಿವಿಗೆ ಇದು ಪರದೇಶದ ಭಾಷೆಯೇ?

ಪರದೇಶದ ಪೆಟ್ಟಿಗೆ ಎಂಬ ಆಕ್ಷೇಪವೂ ಹಳೆಯದೇ. ಹಾರ್ಮೋನಿಯಂ ಯುರೋಪಿನದು, ಅದರಲ್ಲಿ ಗಮಕ ಬರುವುದಿಲ್ಲ ಎಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲಾಗಲು 1971 ಬರಬೇಕಾಯಿತು. ಆ ಮೂವತ್ತು ವರ್ಷವೂ ನಮ್ಮ ಭಜನೆ ಮನೆಗಳು, ಕಂಪನಿ ನಾಟಕಗಳು ಯಾರ ಅಪ್ಪಣೆಯನ್ನೂ ಕಾಯದೆ ಹಾರ್ಮೋನಿಯಂ ತಿದಿ ಒತ್ತುತ್ತಲೇ ಇದ್ದವು. ಈಗ ಯಲಬುರ್ಗಾದ ಯಾವ ಹಳ್ಳಿಗಾದರೂ ಹೋಗಿ, ಹಾರ್ಮೋನಿಯಂ ಪರದೇಶದ್ದು ಅನ್ನಿ, ನಗುತ್ತಾರೆ. ವಾದ್ಯ ಎಲ್ಲಿ ಹುಟ್ಟಿತು ಅನ್ನುವುದಕ್ಕಿಂತ ಯಾರ ಕೈಯಲ್ಲಿ ರಿಪೇರಿಯಾಗುತ್ತದೆ ಅನ್ನುವುದು ಮುಖ್ಯ. ರಿಪೇರಿ ಮಾಡುವವನು ಊರಲ್ಲಿದ್ದರೆ ವಾದ್ಯವೂ ಊರಿನದೇ.

ಇಲ್ಲಿಗೆ ಹಿರಿಯರ ಪಾಳಿ ಮುಗಿಯಿತು. ಇನ್ನು ಹುಡುಗ ಹುಡುಗಿಯರ ಪಾಳಿ.

ನೂರು ವ್ಯಾಟಿನ ಆಂಪ್ ನಿಮಗೆ ಬೇಡ. ಅದು ದೊಡ್ಡ ಮೈದಾನಕ್ಕೆ, ಅದೂ ಮೈಕ್‌ಸೆಟ್ ದುರ್ಬಲವಾಗಿದ್ದ ಕಾಲಕ್ಕೆ ಮಾಡಿದ್ದು. ನೂರು ವ್ಯಾಟಿನಿಂದ ಹತ್ತು ವ್ಯಾಟಿಗೆ ಇಳಿದರೆ ಸದ್ದು ಇಳಿಯುವುದು ಹತ್ತು ಡೆಸಿಬಲ್, ಕಿವಿಗೆ ಸುಮಾರು ಅರ್ಧದಷ್ಟು, ಹತ್ತನೇ ಒಂದರಷ್ಟಲ್ಲ. ಬಾಡಿಗೆ ಕೋಣೆಗೆ ಐದು ವ್ಯಾಟೇ ಹೆಚ್ಚು. ವಾಲ್ವ್ ಸೊಗಸಾಗಿ ಒಡೆಯುವುದು ಅದನ್ನು ದುಡಿಸಿದಾಗ. ನೂರು ವ್ಯಾಟಿನದನ್ನು ಒಂದರ ಮೇಲೆ ಏರಿಸಲಾಗದೆ ಕೂತರೆ ಎತ್ತು ಕಟ್ಟಿ ಹಾಕಿ ಮೇವು ಹಾಕಿದ ಹಾಗೆ. ಹಳೆಯದಾದರೂ ಸರಿ, ಚಿಕ್ಕದನ್ನು ಕೊಳ್ಳಿ. ಕೊಳ್ಳುವ ಮೊದಲು ಮೂರು ವಿಷಯ ನೋಡಿ. ಅದು 230 ವೋಲ್ಟಿನದೇ? ಅಮೆರಿಕದಿಂದ ತಂದ 120 ವೋಲ್ಟಿನದನ್ನು ನೇರವಾಗಿ ಪ್ಲಗ್ಗಿಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಒಳಗಿನ ಬಿಡಿಭಾಗಗಳಿಗೆ ಬೆಸುಗೆಯ ಸಲಾಕೆ ತಲುಪುತ್ತದೆಯೇ, ಇಲ್ಲ ಎಲ್ಲವೂ ಸಾಸಿವೆಯಷ್ಟು ಚಿಕ್ಕವಾಗಿ ಬೋರ್ಡಿಗೆ ಅಂಟಿಕೊಂಡಿವೆಯೇ? ಅದರ ಸರ್ಕ್ಯೂಟ್ ನಕ್ಷೆ ಸಿಗುತ್ತದೆಯೇ? ಹೆಸರು ಯಾವುದು ಅನ್ನುವುದು ನಾಲ್ಕನೆಯ ಪ್ರಶ್ನೆ. ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುವ ಕಡೆ ಇರುವವರು ಒಳ್ಳೆಯ ಸ್ಟೆಬಿಲೈಸರಿಗೂ ದುಡ್ಡು ತೆಗೆದಿಡಿ. ಮೊದಲಿನ ಗೀಳು ಇದ್ದದ್ದೇ ಹೆಸರಿನ ಮೇಲೆ, ಸ್ಟೆಬಿಲೈಸರಿನ ಮೇಲೆ ಹಾಡು ಕಟ್ಟಿದವರಿಲ್ಲ.

ಆಮೇಲೆ ಬಿಚ್ಚಿ. ಏನು ಬದಲಾಯಿಸಬಹುದು? ಒಂದು ಉದಾಹರಣೆ ಸಾಕು. ಮೊದಲ ವಾಲ್ವಿನ ಕ್ಯಾಥೋಡಿಗೆ ಒಂದು ಕಂಡೆನ್ಸರ್ ಇರುತ್ತದೆ. ಹಳೆಯ ಫೆಂಡರಿನಲ್ಲಿ ಅದು 25 ಮೈಕ್ರೋಫ್ಯಾರಡ್. ಮಂದ್ರದಿಂದ ತಾರದವರೆಗೆ ಎಲ್ಲವನ್ನೂ ಒಂದೇ ಸಮ ಹಿಗ್ಗಿಸುತ್ತದೆ. ಮುಂದೆ ಬಂದ ಮಾರ್ಷಲ್‌ಗಳಲ್ಲಿ ಅದು 0.68 ಆಯಿತು, ಮಂದ್ರ ಹಿಂದೆ ಸರಿದು ನಡುವಿನ ದನಿ ಮುಂದೆ ಬಂತು. ಒಡೆಯುವ ಮೊದಲೇ ಮಂದ್ರವನ್ನು ತುಸು ಕತ್ತರಿಸದಿದ್ದರೆ ಸದ್ದು ಗಂಗಾವತಿಯ ನಾಟಿ ಗದ್ದೆಯಾಗುತ್ತದೆ, ಕಾಲಿಟ್ಟಲ್ಲಿ ಹೂಳು. ಕತ್ತರಿಸಿದರೆ ಬೆರಳಿನ ಪ್ರತಿಯೊಂದು ಹೊಡೆತವೂ ಬೇರೆ ಬೇರೆಯಾಗಿ ನಿಲ್ಲುತ್ತದೆ. ಒಂದು ಪುಟ್ಟ ಕಂಡೆನ್ಸರ್ ಮಾಡುವ ಕೆಲಸ ಇದು, ಬೆಲೆ ಚಹಾದ ಲೆಕ್ಕದ್ದು. ಗೇನ್ ಅತಿಯಾಯಿತೇ? 12ಎಎಕ್ಸ್7 ತೆಗೆದು ಅದೇ ಸಾಕೆಟ್ಟಿಗೆ 5751 ಹಾಕಿ. ಹಿಗ್ಗಿಸುವ ಶಕ್ತಿ ನೂರರ ಲೆಕ್ಕದಿಂದ ಎಪ್ಪತ್ತಕ್ಕೆ ಇಳಿಯುತ್ತದೆ. ದನಿ ಕೀರುತ್ತದೆಯೇ? ವಾಲ್ವ್ ಬದಲಿಸುವ ಮೊದಲು ಸ್ಪೀಕರ್ ಬದಲಿಸಿ ನೋಡಿ. ಕಿವಿಗೆ ಹೆಚ್ಚು ಬದಲಾವಣೆ ಬರುವುದು ಅಲ್ಲಿಂದಲೇ. ಸ್ಪೀಕರಿನ ಪೆಟ್ಟಿಗೆಯನ್ನು ಬಡಿಗೇರರಿಗೆ 18 ಮಿಲಿಮೀಟರ್ ಪ್ಲೈವುಡ್ ಕೊಟ್ಟು ಮಾಡಿಸಿ. ನಿಮ್ಮ ದನಿ ಎನ್ನುವುದು ಇಂಥ ನೂರು ಸಣ್ಣ ತೀರ್ಮಾನಗಳ ಮೊತ್ತ. ಬೇರೆಯವರ ತೀರ್ಮಾನಗಳನ್ನು ಲಕ್ಷ ಕೊಟ್ಟು ಕೊಂಡು ಅದನ್ನು ನನ್ನ ದನಿ ಅನ್ನುವುದು, ಬರೆಸಿಕೊಂಡ ಕವಿತೆಗೆ ಸಹಿ ಹಾಕಿದ ಹಾಗೆ.

ಧೈರ್ಯದ ಮಾತಾಡುವಾಗ ಭಯದ ಮಾತನ್ನೂ ಹೇಳಬೇಕು. ವಾಲ್ವ್ ಆಂಪಿನೊಳಗೆ 300ರಿಂದ 500 ವೋಲ್ಟಿನವರೆಗೆ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರ್‌ಗಳು ಅದನ್ನು ಹಿಡಿದುಕೊಂಡಿರುತ್ತವೆ. ರೆಸಿಸ್ಟರ್ ಮೂಲಕ ಅದನ್ನು ಬರಿದು ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಬೇಕು. ಸ್ಪೀಕರ್ ಜೋಡಿಸದೆ ಆಂಪ್ ಹಚ್ಚಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಗಿಟಾರಿನ ತಂತಿ ಆಂಪಿನ ತಗಡಿಗೆ ಜೋಡಿಕೊಂಡಿರುತ್ತದೆ. ಮೂರನೆಯ ಪಿನ್ನಿಗೆ ತಂತಿಯೇ ಇಲ್ಲದ ಕೋಣೆಯಲ್ಲಿ, ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇಟ್ಟರೆ ಹಾಡಿನ ಮಧ್ಯೆಯೇ ಜೀವ ಹೋಗಬಹುದು. ಇದನ್ನು ವಿಡಿಯೋ ನೋಡಿ ಕಲಿಯಬೇಡಿ, ಗೊತ್ತಿರುವವರ ಪಕ್ಕ ಕೂತು ಕಲಿಯಿರಿ.

ನನ್ನ ಜಗಳದ ತಿರುಳು ಇಲ್ಲಿದೆ. ಗೊತ್ತಿರುವವರು ಯಾರು? ವಾಲ್ವ್ ರೇಡಿಯೋ ಬಿಚ್ಚಿ ಕೂಡಿಸಿದವರು, ಜಾತ್ರೆಗೆ, ಮದುವೆಗೆ ಮೈಕ್‌ಸೆಟ್ ಕಟ್ಟುತ್ತ ವಾಲ್ವ್ ಆಂಪ್ಲಿಫೈಯರಿನ ಹಮ್ಮು ಎಲ್ಲಿಂದ ಬರುತ್ತದೆಂದು ಕಿವಿಯಲ್ಲೇ ಹೇಳುತ್ತಿದ್ದವರು. ಅವರಿಗೀಗ ವಯಸ್ಸಾಗಿದೆ. ಅವರ ಅಂಗಡಿಗಳು ಮೊಬೈಲ್ ಕವರ್ ಮಾರುತ್ತಿವೆ. ದೊಡ್ಡ ರೇಡಿಯೋಗಳಲ್ಲಿ ಸ್ಪೀಕರ್ ನಡೆಸುತ್ತಿದ್ದ ಇಎಲ್84 ವಾಲ್ವೇ ಇಂಗ್ಲೆಂಡಿನ ವಾಕ್ಸ್ ಎಸಿ30 ಗಿಟಾರ್ ಆಂಪಿನಲ್ಲಿ ನಾಲ್ಕು ಇವೆ. ಅದನ್ನು ನಮ್ಮಲ್ಲೇ ಮಾಡುತ್ತಿದ್ದರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1961ರಿಂದ ರೇಡಿಯೋ ವಾಲ್ವ್‌ಗಳನ್ನು ತಯಾರಿಸಿತು. ಆಮೇಲೆ ಟ್ರಾನ್ಸಿಸ್ಟರ್ ಬಂತು, ವಾಲ್ವ್ ಹಳತಾಯಿತು. ಈಗ ಜಗತ್ತಿನ ಗಿಟಾರಿಗರೆಲ್ಲ ನೆಚ್ಚಿರುವುದು ಬಹುಪಾಲು ರಷ್ಯಾ, ಸ್ಲೊವಾಕಿಯಾ, ಚೀನಾದ ಕೆಲವೇ ಕಾರ್ಖಾನೆಗಳನ್ನು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ರಷ್ಯಾ ರಫ್ತು ತಡೆದಾಗ ವಾಲ್ವಿಗೆ ಜಗತ್ತಿನಾದ್ಯಂತ ಹಾಹಾಕಾರವೆದ್ದಿತು. ಹುಡುಗರು ಆ ಸುದ್ದಿ ಓದಿ ಮರುಗಿದರು. ತಮ್ಮ ಊರಿನ ಹಳೆಯ ರೇಡಿಯೋ ಅಂಗಡಿಯ ಅಟ್ಟದ ಮೇಲೆ ಬಿಇಎಲ್ ಮುದ್ರೆಯ ಡಬ್ಬಿ ಇರಬಹುದೇ ಎಂದು ಕೇಳಲು ಎಷ್ಟು ಮಂದಿ ಹೋದರು?

ಇಷ್ಟು ಕಷ್ಟ ಯಾಕೆ, ಫೋನಿನಲ್ಲೇ ಎಲ್ಲ ಆಂಪಿನ ದನಿಯೂ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಬಹಳ ಮಂದಿಗೆ ವ್ಯತ್ಯಾಸ ಗೊತ್ತಾಗದು. ಅಭ್ಯಾಸಕ್ಕೆ ಅದನ್ನೇ ಬಳಸಿ. ಆದರೆ ಅದನ್ನು ಬಿಚ್ಚಲು ಬರುವುದಿಲ್ಲ. ಅದರಲ್ಲಿ ಆಯ್ಕೆ ಮಾಡಬಹುದು, ಕಟ್ಟಲಾಗದು. ನನ್ನ ವಾದ ವಾಲ್ವಿನ ದೈವತ್ವದ ಬಗ್ಗೆ ಅಲ್ಲ, ಕೈ ಕಳೆದುಕೊಳ್ಳುತ್ತಿರುವ ಒಂದು ಪೀಳಿಗೆಯ ಬಗ್ಗೆ.

ಗಣಪತಿ ಹಬ್ಬದ ಡಿಜೆ ಸಾಲದೇ, ಇನ್ನೊಂದು ಗದ್ದಲ ಬೇಕೇ ಎಂಬ ಪ್ರಶ್ನೆಯೂ ಇದೆ. ಡಿಜೆ ಮತ್ತು ಐದು ವ್ಯಾಟಿನ ಆಂಪ್ ಒಂದೇ ಅಲ್ಲ. ಡಿಜೆಯಲ್ಲಿ ಸದ್ದು ಹೆಚ್ಚು, ಅದನ್ನು ಮಾಡುವ ಕೈ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಅದನ್ನು ಪಾಲಿಸಿಯೂ ಒಡಕು ದನಿ ನುಡಿಸಬಹುದು. ಒಡಕು ಬೇರೆ, ಜೋರು ಬೇರೆ. ಈ ವ್ಯತ್ಯಾಸ ತಿಳಿಯದಿರುವುದೇ ಹಿರಿಯರ ಸಿಟ್ಟಿನ ಅರ್ಧ ಕಾರಣ.

ಕರ್ನಾಟಕದಲ್ಲಿ ಈ ದನಿಗೆ ಕೇಳುಗರಿಲ್ಲ ಎನ್ನಲೂ ಬರುವುದಿಲ್ಲ. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. 1998ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿತು. ಆದರೆ ಆ ಲೋಕದ ಹಾಡುಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ದನಿ ಬೆಂಗಳೂರಿನಲ್ಲೇ ನಿಂತಿದೆ, ಕನ್ನಡ ಅದರ ಹೊರಗೆ ನಿಂತಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡ ಟೋನಿ ಐಯೋಮಿ, ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಬ್ಲ್ಯಾಕ್ ಸಬ್ಬತ್‌ನ ಭಾರದ ದನಿ ಕಟ್ಟಿದ. ಗಿಣಿಗೇರಿ ಸುತ್ತ ಕಬ್ಬಿಣ ಕರಗಿಸುವ ಕುಲುಮೆಗಳಿವೆ. ಕಾರ್ಖಾನೆಗಳ ಹೊಗೆ, ಬೂದಿಯ ವಿರುದ್ಧ ಕೊಪ್ಪಳದ ಜನ ಬೀದಿಗಿಳಿದಿದ್ದಾರೆ. ಆ ಕಪ್ಪು ಧೂಳಿನ ಬಗ್ಗೆ ಬರೆದ ಕನ್ನಡದ ಹಾಡಿಗೆ ಕೊಳಲೂ ಕೀಬೋರ್ಡೂ ಹಿನ್ನೆಲೆಯಾದರೆ ಅದು ಸುಳ್ಳು. ಅದಕ್ಕೆ ಅಂಥದೇ ಕಾದ, ಒಡೆದ, ಕಬ್ಬಿಣದ ವಾಸನೆಯ ದನಿ ಬೇಕು.

ಆ ದನಿ ಪಾರ್ಸಲ್ಲಿನಲ್ಲಿ ಬರುವುದಿಲ್ಲ. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವರು ವಾರಕ್ಕೊಂದು ಮಧ್ಯಾಹ್ನ ಹಳೆಯ ರೇಡಿಯೋ ಮೇಜಿನ ಮೇಲಿಡಲಿ. ಕಾಲೇಜಿನ ಕನ್ನಡ ಸಂಘಗಳು ಕವಿಗೋಷ್ಠಿಗೆ ಕೀಬೋರ್ಡಿನ ಜೊತೆ ಒಂದು ಒಡಕು ಗಿಟಾರನ್ನೂ ಕೂರಿಸಲಿ. ನಾಲ್ಕು ತಾಲೂಕಿನ ನಾಲ್ಕು ಗೆಳೆಯರು ಸೇರಿ ದುಡ್ಡು ಹಾಕಿ ಒಂದೇ ಒಂದು ಪುಟ್ಟ ಆಂಪ್ ಕೊಳ್ಳಲಿ, ಗೊತ್ತಿರುವ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಲಿ. ಆ ಹಿರಿಯರಿಗೆ ಇನ್ನೂ ಕೈ ನಡುಗುತ್ತಿಲ್ಲ. ನಡುಗಲು ಬಹಳ ವರ್ಷವೂ ಇಲ್ಲ.